ಬಣ್ಣ ತೋರಿದ ದಾರಿ

ಬಟ್ಟೆಗೆ ಬಣ್ಣ ಹಾಕುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ರೇಷ್ಮೆಗೂ ಉಣ್ಣೆಗೂ ಸೊಗಸಾಗಿ ಹಿಡಿಯುವ ಬಣ್ಣ ಹತ್ತಿಯ ನೂಲಿಗೆ ಹಿಡಿಯದೆ ಹೋಗಬಹುದು. ಒಂದೇ ಹಂಡೆಯಲ್ಲಿ ಅದ್ದಿದರೂ ಒಂದು ಎಳೆ ಕೆಂಪಾಗಿ ಹೊಳೆಯುತ್ತದೆ. ಇನ್ನೊಂದು ಎಳೆ ಎರಡು ನೀರಿಗೇ ಬಣ್ಣ ಬಿಟ್ಟುಕೊಡುತ್ತದೆ. ಬಣ್ಣ ಎಲ್ಲಕ್ಕೂ ಅಂಟುವುದಿಲ್ಲ. ತನಗೆ ಒಗ್ಗುವ ನೆಲೆ ದೊರೆತರೆ ಮಾತ್ರ ಅಲ್ಲಿ ನಿಲ್ಲುತ್ತದೆ. ಬಣ್ಣಗಾರರು ತಲೆಮಾರುಗಳಿಂದ ಕಂಡಿದ್ದ ಈ ಸಾಮಾನ್ಯ ಸಂಗತಿಯನ್ನು ಮನುಷ್ಯ ದೇಹದ ಕಣಕಣಕ್ಕೂ ಅನ್ವಯಿಸಿ ನೋಡಿದ ವಿಜ್ಞಾನಿಯೊಬ್ಬರಿದ್ದರು. ಬಣ್ಣವು ಇಲ್ಲಿಯೇ ಏಕೆ ನಿಂತಿತು, ಅಲ್ಲೇಕೆ ನಿಲ್ಲಲಿಲ್ಲ ಎಂಬ ಒಂದೇ ಪ್ರಶ್ನೆಯನ್ನು ಅವರು ಬಾಳಿನುದ್ದಕ್ಕೂ ಕೇಳುತ್ತ ಹೋದರು. ಆ ಪ್ರಶ್ನೆಯಿಂದ ರೋಗಗಳನ್ನು ಗುರುತಿಸುವ ಬಗೆ ತಿಳಿಯಿತು. ರೋಗಗಳನ್ನು ಗೆಲ್ಲುವ ಔಷಧಗಳು ಹುಟ್ಟಿದವು. ಆ ಮಹನೀಯರೇ ಪಾಲ್ ಎರ್ಲಿಕ್.

ಎರ್ಲಿಕ್ಕರು ಹುಟ್ಟಿದ್ದು 1854ರ ಮಾರ್ಚ್ 14ರಂದು, ಅಂದಿನ ಪ್ರಷ್ಯಾ ರಾಜ್ಯದ ಸೈಲೀಸಿಯಾ ಪ್ರಾಂತದ ಸ್ಟ್ರೇಲೆನ್ ಎಂಬ ಸಣ್ಣ ಊರಿನಲ್ಲಿ. ಈ ಊರು ಇಂದು ಪೋಲೆಂಡ್ ದೇಶದಲ್ಲಿದೆ. ತಂದೆ ಇಸ್ಮಾರ್ ಎರ್ಲಿಕ್ ವ್ಯಾಪಾರಸ್ಥರು, ತಾಯಿ ರೋಸಾ. ಅವರದು ಅನುಕೂಲಸ್ಥ ಯಹೂದಿ ಮನೆತನ. ಮಗನನ್ನು ಓದಿಗಾಗಿ ಹತ್ತಿರದ ದೊಡ್ಡ ಪಟ್ಟಣವಾದ ಬ್ರೆಸ್ಲೌಗೆ ಕಳುಹಿಸಿದರು. ಬಾಲಕ ಪಾಲ್ ಗಣಿತವನ್ನೂ ಲ್ಯಾಟಿನ್ ಭಾಷೆಯನ್ನೂ ಪ್ರೀತಿಯಿಂದ ಕಲಿತನು. ಆದರೆ ಪರೀಕ್ಷೆಗಳೆಂದರೆ ಅವನಿಗೆ ಬೇಸರ. ಬದುಕು ಒಂದು ಕನಸು ಎಂಬ ವಿಷಯವಾಗಿ ಪ್ರಬಂಧ ಬರೆಯಲು ಹೇಳಿದಾಗ, ಬದುಕೆಂಬುದು ಆಮ್ಲಜನಕದೊಡನೆ ನಡೆಯುವ ರಾಸಾಯನಿಕ ಕ್ರಿಯೆ, ಕನಸು ಮಿದುಳಿನಲ್ಲಿ ಏಳುವ ಒಂದು ಹೊಳಪು ಎಂಬರ್ಥದಲ್ಲಿ ಬರೆದು ಉಪಾಧ್ಯಾಯರ ಅಸಮಾಧಾನಕ್ಕೆ ಗುರಿಯಾದನೆಂಬ ಪ್ರತೀತಿಯಿದೆ. ಎಲ್ಲದರಲ್ಲಿಯೂ ರಸಾಯನವನ್ನೇ ಕಾಣುವ ದೃಷ್ಟಿ ಅವನಿಗೆ ಹುಟ್ಟುಗುಣವಾಗಿ ಬಂದಿತ್ತು.

ಈ ದೃಷ್ಟಿಗೆ ದಾರಿ ತೋರಿದವರು ತಾಯಿಯ ಕಡೆಯ ಬಂಧು ಕಾರ್ಲ್ ವೈಗರ್ಟ್. ಪಾಲನಿಗಿಂತ ಒಂಬತ್ತು ವರ್ಷ ಹಿರಿಯರಾದ ಇವರು ರೋಗಶಾಸ್ತ್ರವನ್ನು ಅಭ್ಯಾಸ ಮಾಡಿದ ವೈದ್ಯರು. ಬಣ್ಣಗಳ ನೆರವಿನಿಂದ ಬ್ಯಾಕ್ಟೀರಿಯಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಮೊದಲಿಗರಲ್ಲಿ ಒಬ್ಬರು. ದೇಹದ ಯಾವುದೇ ಭಾಗದ ಅಂಗಾಂಶವನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಅದು ಬಹುಮಟ್ಟಿಗೆ ಗಾಜಿನಂತೆ ಬಣ್ಣಗೆಟ್ಟು ಕಾಣುತ್ತದೆ. ಯಾವುದು ಜೀವಕೋಶ, ಯಾವುದು ಅದರ ಕೇಂದ್ರ ಎಂಬುದನ್ನು ತಿಳಿಯುವುದು ಕಷ್ಟ. ಅದಕ್ಕೆ ಬಣ್ಣ ಹಾಕಿದೊಡನೆ ಮರೆಯಾಗಿದ್ದ ರಚನೆ ಎದ್ದು ಕಾಣುತ್ತದೆ. 1856ರಲ್ಲಿ ಲಂಡನ್ನಿನ ತರುಣ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ವಸ್ತುಗಳಿಂದ ನೇರಿಳೆ ಬಣ್ಣವೊಂದನ್ನು ತಯಾರಿಸಿದ ಮೇಲೆ, ಜರ್ಮನಿಯ ಕಾರ್ಖಾನೆಗಳಿಂದ ಬಗೆಬಗೆಯ ಕೃತಕ ಬಣ್ಣಗಳು ಹೊರಬರತೊಡಗಿದ್ದವು. ಅವು ಬಂದುದು ಬಟ್ಟೆಗಾಗಿ. ಎರ್ಲಿಕ್ಕರು ಅವನ್ನು ಜೀವಕೋಶಗಳಿಗೆ ಉಪಯೋಗಿಸಿದರು.

ವೈದ್ಯಶಾಸ್ತ್ರವನ್ನು ಅವರು ಬ್ರೆಸ್ಲೌ, ಸ್ಟ್ರಾಸ್‌ಬುರ್ಗ್, ಫ್ರೈಬುರ್ಗ್, ಲೈಪ್ಜಿಗ್ ವಿಶ್ವವಿದ್ಯಾನಿಲಯಗಳಲ್ಲಿ ಕಲಿತರು. ತರಗತಿಯ ಪಾಠಗಳಿಗಿಂತ ಬಣ್ಣದ ಸೀಸೆಗಳ ಮುಂದೆಯೇ ಅವರ ಹೊತ್ತು ಹೆಚ್ಚಾಗಿ ಕಳೆಯುತ್ತಿತ್ತು. ಅವರ ಮೇಜು ಬಗೆಬಗೆಯ ಬಣ್ಣಗಳ ಕಲೆಗಳಿಂದ ತುಂಬಿತ್ತು, ಕೈಬೆರಳುಗಳೂ ಹಾಗೆಯೇ. ಮುಂದೆ ಜಗತ್ಪ್ರಸಿದ್ಧರಾದ ರಾಬರ್ಟ್ ಕಾಕ್ ಅವರು ಬ್ರೆಸ್ಲೌಗೆ ಬಂದಿದ್ದಾಗ ಯಾರೋ ಈ ವಿದ್ಯಾರ್ಥಿಯನ್ನು ತೋರಿಸಿ, ಬಣ್ಣ ಹಾಕುವುದರಲ್ಲಿ ಇವನು ಗಟ್ಟಿಗ, ಆದರೆ ಪರೀಕ್ಷೆಯಲ್ಲಿ ಎಂದೂ ತೇರ್ಗಡೆಯಾಗಲಾರ ಎಂದು ಪರಿಚಯಿಸಿದರೆಂದು ಹೇಳುತ್ತಾರೆ. ಆ ಮಾತಿನ ಮೊದಲ ಅರ್ಧವಷ್ಟೇ ನಿಜವಾಯಿತು. 1878ರಲ್ಲಿ ಅಂಗಾಂಶಗಳಿಗೆ ಬಣ್ಣ ಹಾಕುವ ಶಾಸ್ತ್ರವನ್ನೇ ಕುರಿತು ಮಹಾಪ್ರಬಂಧ ಬರೆದು ಎರ್ಲಿಕ್ಕರು ಲೈಪ್ಜಿಗ್‌ನಿಂದ ವೈದ್ಯ ಪದವಿ ಪಡೆದರು. ಅದುವರೆಗೆ ಯಾರೂ ಬೇರ್ಪಡಿಸಿ ಗುರುತಿಸದಿದ್ದ ಒಂದು ಬಗೆಯ ಜೀವಕೋಶವನ್ನು ಆ ಪ್ರಬಂಧದಲ್ಲಿ ಅವರು ವರ್ಣಿಸಿದ್ದರು. ಅದಕ್ಕೆ ಮಾಸ್ಟ್ ಕೋಶವೆಂದು ಹೆಸರು. ಧೂಳು, ಆಹಾರ ಮೊದಲಾದವು ಕೆಲವರ ದೇಹಕ್ಕೆ ಒಗ್ಗದೆ ತುರಿಕೆ, ಸೀನು, ಊತಗಳು ಉಂಟಾಗುವುದರಲ್ಲಿ ಈ ಕೋಶಗಳ ಪಾತ್ರ ದೊಡ್ಡದೆಂಬುದು ಮುಂದೆ ತಿಳಿದುಬಂದಿತು.

ವಿದ್ಯಾರ್ಥಿಯಾಗಿದ್ದಾಗ ಓದಿದ ಒಂದು ಪುಸ್ತಕ ಅವರ ಮನಸ್ಸಿನಲ್ಲಿ ನಾಟಿತ್ತು. ಅದು ಸೀಸದ ವಿಷವನ್ನು ಕುರಿತದ್ದು. ದೇಹವನ್ನು ಹೊಕ್ಕ ಸೀಸ ಎಲ್ಲ ಅಂಗಗಳಲ್ಲಿಯೂ ಸಮನಾಗಿ ಹರಡುವುದಿಲ್ಲ. ಕೆಲವು ಅಂಗಗಳಲ್ಲಿ ಹೆಚ್ಚಾಗಿಯೂ ಕೆಲವುಗಳಲ್ಲಿ ಕಡಮೆಯಾಗಿಯೂ ಸೇರುತ್ತದೆ ಎಂದು ಅದರಿಂದ ತಿಳಿಯಿತು. ಹಾಗಾದರೆ ವಿಷವು ಎಲ್ಲಿ ನೆಲೆಸುತ್ತದೆಂದು ತಿಳಿಯದೆ ಅದು ಏನು ಮಾಡುತ್ತದೆಂದು ತಿಳಿಯುವುದು ಹೇಗೆ? ಔಷಧದ ವಿಚಾರವೂ ಹಾಗೆಯೇ ಅಲ್ಲವೆ? ಆದರೆ ಸೀಸ ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಕಾಣುತ್ತದೆ. ಆದುದರಿಂದ ಬಣ್ಣವನ್ನೇ ದೂತನನ್ನಾಗಿ ದೇಹದೊಳಕ್ಕೆ ಕಳುಹಿಸಿ, ಅದು ಎಲ್ಲಿ ನಿಲ್ಲುತ್ತದೆಂಬುದನ್ನು ನೋಡಬೇಕೆಂದು ಎರ್ಲಿಕ್ಕರು ನಿಶ್ಚಯಿಸಿದರು.

ಪದವಿ ಪಡೆದ ವರ್ಷವೇ ಅವರು ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯನ್ನು ಸೇರಿದರು. ಅಲ್ಲಿನ ಮುಖ್ಯಸ್ಥರಾದ ಫ್ರೆರಿಕ್ಸ್ ಅವರು ತರುಣ ವೈದ್ಯನ ಆಸಕ್ತಿಯನ್ನು ಅರಿತು ಸಂಶೋಧನೆಗೆ ಬಿಡುವು ಮಾಡಿಕೊಟ್ಟರು. ಎರ್ಲಿಕ್ಕರು ರಕ್ತದ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ, ಕಾಯಿಸಿ ಒಣಗಿಸಿ, ಆಮ್ಲ ಗುಣದ ಬಣ್ಣವನ್ನೂ ಪ್ರತ್ಯಾಮ್ಲ ಗುಣದ ಬಣ್ಣವನ್ನೂ ಅದರ ಮೇಲೆ ಪ್ರಯೋಗಿಸಿದರು. ಒಂದೇ ಬಗೆಯವೆಂದು ತೋರುತ್ತಿದ್ದ ಬಿಳಿಯ ರಕ್ತಕಣಗಳು ಈಗ ಬೇರೆ ಬೇರೆ ಜಾತಿಯವಾಗಿ ಕಂಡವು. ಕೆಲವುಗಳ ಒಳಗಿನ ಹರಳುಗಳು ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಂಡವು. ಕೆಲವು ನೀಲಿಯನ್ನು ಬಯಸಿದವು. ಇನ್ನು ಕೆಲವಕ್ಕೆ ಎರಡರ ಮಿಶ್ರಣವೇ ಬೇಕಾಯಿತು. ಇಂದಿಗೂ ರಕ್ತಪರೀಕ್ಷೆಯ ಚೀಟಿಯಲ್ಲಿ ಈ ಕಣಗಳನ್ನು ಎರ್ಲಿಕ್ಕರ ಬಣ್ಣಗಳಿಂದ ಬಂದ ಹೆಸರುಗಳಿಂದಲೇ ಎಣಿಸಿ ಬರೆಯುತ್ತಾರೆ.

1882ರ ಮಾರ್ಚ್ 24ರಂದು ಬರ್ಲಿನ್ನಿನ ಸಭೆಯೊಂದರಲ್ಲಿ ರಾಬರ್ಟ್ ಕಾಕ್ ಅವರು ಕ್ಷಯರೋಗದ ರೋಗಾಣುವನ್ನು ಕಂಡುಹಿಡಿದಿರುವುದಾಗಿ ಪ್ರಕಟಿಸಿದರು. ಸಭೆಯಲ್ಲಿದ್ದ ಎರ್ಲಿಕ್ಕರಿಗೆ ಆ ಸಂಜೆ ಮರೆಯಲಾಗದ ಅನುಭವವಾಯಿತು. ಆದರೆ ಆ ರೋಗಾಣು ಸುಲಭವಾಗಿ ಬಣ್ಣ ಹಿಡಿಯುತ್ತಿರಲಿಲ್ಲ. ಎರ್ಲಿಕ್ಕರು ಕೂಡಲೆ ಆ ಕೆಲಸಕ್ಕೆ ತೊಡಗಿದರು. ಅವರು ಬಣ್ಣ ಹಾಕಿದ ಗಾಜುಗಳನ್ನು ಆರಿದ ಒಲೆಯ ಮೇಲೆ ಒಣಗಲು ಇಟ್ಟಿದ್ದರೆಂದೂ, ಮರುದಿನ ಬೆಳಿಗ್ಗೆ ಕೆಲಸದಾಕೆ ತಿಳಿಯದೆ ಒಲೆ ಹೊತ್ತಿಸಿದಳೆಂದೂ, ಆ ಕಾವಿನಿಂದಲೇ ರೋಗಾಣುಗಳು ಸ್ಪಷ್ಟವಾಗಿ ಬಣ್ಣ ತಾಳಿ ಕಂಡವೆಂದೂ ಒಂದು ಕಥೆಯಿದೆ. ಈ ರೋಗಾಣುವಿನ ಸುತ್ತ ಮೇಣದಂಥ ಹೊದಿಕೆಯಿದೆ. ಬಣ್ಣ ಒಳಹೊಗುವುದು ಕಷ್ಟ. ಹೊಕ್ಕ ಬಣ್ಣವನ್ನು ಹೊರಗೆ ತೆಗೆಯುವುದು ಇನ್ನೂ ಕಷ್ಟ. ಆಮ್ಲದಿಂದ ತೊಳೆದರೆ ಉಳಿದೆಲ್ಲವೂ ಬಣ್ಣ ಬಿಟ್ಟುಕೊಡುತ್ತವೆ. ಕ್ಷಯದ ರೋಗಾಣು ಮಾತ್ರ ಬಿಡುವುದಿಲ್ಲ. ಎರ್ಲಿಕ್ಕರು ಕಂಡುಕೊಂಡ ಈ ಗುಣವನ್ನು ಆಧರಿಸಿ, ಸೀಲ್ ಮತ್ತು ನೀಲ್ಸೆನ್ ಎಂಬ ವಿಜ್ಞಾನಿಗಳು ತಿದ್ದಿದ ವಿಧಾನದಿಂದ ಇಂದಿಗೂ ಕಫದ ಪರೀಕ್ಷೆ ನಡೆಯುತ್ತದೆ.

ಅನಂತರ ಎರ್ಲಿಕ್ಕರು ಸತ್ತ ಅಂಗಾಂಶವನ್ನು ಬಿಟ್ಟು ಜೀವಂತ ಪ್ರಾಣಿಗಳ ಕಡೆಗೆ ತಿರುಗಿದರು. ಮೆಥಿಲೀನ್ ನೀಲಿ ಎಂಬ ಬಣ್ಣವನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದಾಗ, ಅದು ನರಗಳ ಕೊನೆಯ ಎಳೆಗಳನ್ನು ಆರಿಸಿಕೊಂಡು ನೀಲಿಯಾಗಿಸಿತು. ಬೇರೆ ಕೆಲವು ಬಣ್ಣಗಳು ದೇಹದ ಬಹುಭಾಗವನ್ನು ಬಣ್ಣಗೂಡಿಸಿದರೂ ಮಿದುಳನ್ನು ಮಾತ್ರ ಮುಟ್ಟದೆ ಬಿಟ್ಟವು. ರಕ್ತದಲ್ಲಿರುವುದೆಲ್ಲವೂ ಮಿದುಳಿನೊಳಕ್ಕೆ ಹೋಗದಂತೆ ತಡೆಯುವ ವ್ಯವಸ್ಥೆಯೊಂದಿದೆ ಎಂಬ ತಿಳಿವಳಿಕೆಗೆ ಮುಂದೆ ಈ ಅವಲೋಕನವೇ ನಾಂದಿಯಾಯಿತು. ಎರ್ಲಿಕ್ಕರ ಮನಸ್ಸಿನಲ್ಲಿ ಒಂದು ಸೂತ್ರ ಬಲಿಯುತ್ತ ಬಂದಿತು. ಯಾವ ವಸ್ತುವೂ ದೇಹದಲ್ಲಿ ಎಲ್ಲಿಯೋ ತಗಲಿ ನಿಲ್ಲದ ಹೊರತು ಕೆಲಸ ಮಾಡಲಾರದು. ಆದುದರಿಂದ ಅದು ನಿಂತ ಸ್ಥಳವನ್ನು ತಿಳಿಯುವುದೇ ಅದರ ಕೆಲಸವನ್ನು ತಿಳಿಯುವ ಮೊದಲ ಮೆಟ್ಟಿಲು.

1883ರಲ್ಲಿ ಅವರು ಹೆಡ್ವಿಗ್ ಪಿಂಕುಸ್ ಎಂಬ ಕನ್ಯೆಯನ್ನು ವಿವಾಹವಾಗಿದ್ದರು. ಸ್ಟೆಫನಿ, ಮರಿಯಾನೆ ಎಂಬ ಇಬ್ಬರು ಹೆಣ್ಣುಮಕ್ಕಳಾದರು. ಆದರೆ 1885ರಲ್ಲಿ ಫ್ರೆರಿಕ್ಸ್ ಅವರು ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಸಂಶೋಧನೆಗೆ ಮೊದಲಿನ ಆಸರೆ ಇಲ್ಲವಾಯಿತು. ಅದರ ಮೇಲೆ ಆರೋಗ್ಯವೂ ಕೆಟ್ಟಿತು. 1888ರ ಸುಮಾರಿಗೆ ತಮ್ಮದೇ ಕಫಕ್ಕೆ ಬಣ್ಣ ಹಾಕಿ ಪರೀಕ್ಷಿಸಿದಾಗ ಅದರಲ್ಲಿ ಕ್ಷಯದ ರೋಗಾಣುಗಳು ಕಂಡವು. ಜಗತ್ತಿಗೆ ತಾವು ಕೊಟ್ಟ ಪರೀಕ್ಷೆಯೇ ತಮ್ಮ ರೋಗವನ್ನು ತೋರಿಸಿತು. ಆ ಕಾಲದಲ್ಲಿ ಕ್ಷಯಕ್ಕೆ ಔಷಧವಿರಲಿಲ್ಲ. ಒಣ ಹವೆಗಾಗಿ ಹೆಂಡತಿಯೊಡನೆ ಈಜಿಪ್ಟಿಗೆ ಹೋಗಿ, ಗುಣಮುಖರಾಗಿ 1889ರಲ್ಲಿ ಬರ್ಲಿನ್ನಿಗೆ ಮರಳಿದರು. ಮರಳಿದಾಗ ಕೈಯಲ್ಲಿ ಕೆಲಸವಿರಲಿಲ್ಲ. ಎದೆಗುಂದದೆ ಸ್ವಂತ ವೆಚ್ಚದಲ್ಲಿ ಸಣ್ಣದೊಂದು ಪ್ರಯೋಗಶಾಲೆಯನ್ನು ತೆರೆದು ಕೆಲಸವನ್ನು ಮುಂದುವರಿಸಿದರು. ಸ್ವಲ್ಪ ಕಾಲದಲ್ಲಿಯೇ ಕಾಕ್ ಅವರು ತಮ್ಮ ಹೊಸ ಸಂಸ್ಥೆಗೆ ಅವರನ್ನು ಬರಮಾಡಿಕೊಂಡರು.

ಈ ಅವಧಿಯಲ್ಲಿ ಎರ್ಲಿಕ್ಕರು ಮಾಡಿದ ಪ್ರಯೋಗವೊಂದಕ್ಕೆ ಬಳಸಿದ ವಸ್ತುಗಳು ನಮ್ಮ ನಾಡಿನವರಿಗೆಲ್ಲ ಪರಿಚಿತವಾದವು. ಒಂದು ಹರಳು ಬೀಜ; ಇನ್ನೊಂದು, ಅಕ್ಕಸಾಲಿಗರು ಚಿನ್ನವನ್ನು ತೂಗಲು ಬಳಸುತ್ತಿದ್ದ ಕೆಂಪು ಮೈಯ, ಕಪ್ಪು ಮೂತಿಯ ಗುಲಗಂಜಿ. ಹರಳಿನ ಬೀಜದಲ್ಲಿ ರಿಸಿನ್ ಎಂಬ ವಿಷವೂ ಗುಲಗಂಜಿಯಲ್ಲಿ ಆಬ್ರಿನ್ ಎಂಬ ವಿಷವೂ ಇವೆ. ಎರಡೂ ಪ್ರೋಟೀನುಗಳು, ಎರಡೂ ಅತ್ಯಂತ ಉಗ್ರವಾದವು. ಎರ್ಲಿಕ್ಕರು ಇಲಿಗಳಿಗೆ ರಿಸಿನ್ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಡಲು ತೊಡಗಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋದರು. ಕೆಲವು ದಿನಗಳ ಮೇಲೆ ಆ ಇಲಿಗಳು ಬೇರೆ ಇಲಿಗಳನ್ನು ಕೊಲ್ಲಲು ಸಾಕಾಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ವಿಷವನ್ನು ತಾಳಿಕೊಂಡವು. ಆದರೆ ಹರಳಿನ ವಿಷವನ್ನು ಗೆದ್ದ ಇಲಿ ಗುಲಗಂಜಿಯ ವಿಷಕ್ಕೆ ಬಲಿಯಾಯಿತು; ಗುಲಗಂಜಿಯ ವಿಷವನ್ನು ಗೆದ್ದದ್ದು ಹರಳಿನ ವಿಷಕ್ಕೆ ಬಲಿಯಾಯಿತು. ಅಂದರೆ ಇಲಿಯ ರಕ್ತದಲ್ಲಿ ಹುಟ್ಟಿದ ರಕ್ಷಕ ವಸ್ತು ತನ್ನ ವೈರಿಯೊಂದನ್ನೇ ಗುರುತಿಸಬಲ್ಲುದು, ಬೇರೆಯದನ್ನು ಹಿಡಿಯಲಾರದು. 1891ರ ತಮ್ಮ ಲೇಖನದಲ್ಲಿ ಎರ್ಲಿಕ್ಕರು ಈ ವಸ್ತುವಿಗೆ ಒಂದು ಹೆಸರಿಟ್ಟರು. ಕನ್ನಡದಲ್ಲಿ ನಾವು ಅದನ್ನು ಪ್ರತಿಕಾಯ ಎನ್ನುತ್ತೇವೆ. ತಾಯಿ ಇಲಿಯ ಪ್ರತಿಕಾಯಗಳು ಹಾಲಿನ ಮೂಲಕ ಮರಿಗಳಿಗೂ ದೊರೆತು ಅವನ್ನು ಕಾಯುತ್ತವೆಂಬುದನ್ನೂ ಅವರು ತೋರಿಸಿದರು.

ಆಗ ಯೂರೋಪಿನ ಮಕ್ಕಳನ್ನು ಗಂಟಲಮಾರಿ ರೋಗ ಉಸಿರುಗಟ್ಟಿಸಿ ಕೊಲ್ಲುತ್ತಿತ್ತು. 1890ರಲ್ಲಿ ಎಮಿಲ್ ಬೇರಿಂಗ್ ಮತ್ತು ಜಪಾನಿನ ಕಿಟಾಸಾಟೊ ಅವರು, ಸೋಂಕಿಗೆ ಪಳಗಿದ ಪ್ರಾಣಿಯ ರಕ್ತದ ಸೀರಮ್ ಬೇರೆ ಪ್ರಾಣಿಯನ್ನು ಇಂಥ ರೋಗದ ವಿಷದಿಂದ ಕಾಪಾಡಬಲ್ಲುದೆಂದು ತೋರಿಸಿದ್ದರು. ಆದರೆ ಒಂದು ಸೀಸೆಯ ಸೀರಮ್ ಮಗುವನ್ನು ಉಳಿಸಿದರೆ ಇನ್ನೊಂದು ಸೀಸೆಯದು ನಿಷ್ಫಲವಾಗುತ್ತಿತ್ತು. ಅದರ ಬಲವನ್ನು ಅಳೆಯುವ ಮಾನವೇ ಇರಲಿಲ್ಲ. ತೂಕದ ಬಟ್ಟಿಲ್ಲದೆ ಅಂಗಡಿ ನಡೆಸಿದಂತಿತ್ತು ಆಗಿನ ಪರಿಸ್ಥಿತಿ. ಎರ್ಲಿಕ್ಕರು ಕುದುರೆಗಳಿಂದ ಬಲವಾದ ಸೀರಮ್ ಪಡೆಯುವ ಕ್ರಮವನ್ನು ರೂಪಿಸಿದರು. ಒಂದು ಗೊತ್ತಾದ ಸೀರಮ್ಮನ್ನು ಒಣಗಿಸಿ, ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ಬೆಳಕೂ ತೇವವೂ ತಾಗದಂತೆ ಕಾಪಿಟ್ಟು, ಅದನ್ನೇ ಅಳತೆಯ ಬಟ್ಟನ್ನಾಗಿ ಮಾಡಿದರು. 1897ರಲ್ಲಿ ಪ್ರಕಟವಾದ ಈ ವಿಧಾನದಿಂದ ಮಗುವಿಗೆ ಎಷ್ಟು ಔಷಧ ಕೊಡಬೇಕೆಂಬುದು ಊಹೆಯ ಮಾತಾಗಿ ಉಳಿಯಲಿಲ್ಲ. ಆದರೆ ಸೀರಮ್ಮಿನ ಆದಾಯದಲ್ಲಿ ಅವರ ಪಾಲು ಉಳಿಯಲಿಲ್ಲ. ಬೇರಿಂಗರೊಡನೆ ಇದ್ದ ಗೆಳೆತನವೂ ಹಳಸಿತು. 1901ರಲ್ಲಿ ವೈದ್ಯಶಾಸ್ತ್ರದ ಮೊದಲ ನೊಬೆಲ್ ಪಾರಿತೋಷಕ ಬೇರಿಂಗರೊಬ್ಬರಿಗೆ ಸಂದಿತು.

ಪ್ರತಿಕಾಯ ಹುಟ್ಟುವುದು ಹೇಗೆ? ಇದಕ್ಕೆ ಎರ್ಲಿಕ್ಕರು ಕೊಟ್ಟ ವಿವರಣೆಯೂ ಬಣ್ಣದ ಪಾಠದಿಂದಲೇ ಬಂದುದು. ಜೀವಕೋಶದ ಮೈಮೇಲೆ ಬೇರೆ ಬೇರೆ ಆಕಾರದ ಚಾಚುಗೈಗಳಿವೆ. ಬೀಗಕ್ಕೆ ಕೀಲಿ ಹೊಂದುವಂತೆ ವಿಷದ ಕಣ ತನಗೆ ಹೊಂದುವ ಕೈಗೆ ಮಾತ್ರ ತಗಲಿಕೊಳ್ಳುತ್ತದೆ. ಹೀಗೆ ಸಿಕ್ಕಿಬಿದ್ದ ಕೈಗಳ ಬದಲು ಜೀವಕೋಶ ಹೊಸ ಕೈಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ಬೆಳೆಸುತ್ತದೆ. ಹೆಚ್ಚಾದವು ಕಳಚಿ ರಕ್ತದಲ್ಲಿ ಸೇರುತ್ತವೆ. ಅವೇ ಪ್ರತಿಕಾಯಗಳು ಎಂದು ಅವರು ವಾದಿಸಿದರು. ಇದರ ವಿವರಗಳೆಲ್ಲ ಸರಿಯೆಂದು ಕಾಲ ಒಪ್ಪಲಿಲ್ಲ. ಪ್ರತಿಕಾಯಗಳನ್ನು ಎಲ್ಲ ಜೀವಕೋಶಗಳೂ ತಯಾರಿಸುವುದಿಲ್ಲ. ರಕ್ತದ ಬಿಳಿಯ ಕಣಗಳಲ್ಲಿ ಒಂದು ಬಗೆಯವು ಮಾತ್ರ ಆ ಕೆಲಸ ಮಾಡುತ್ತವೆ. ಆದರೆ ಗುರುತಿಸುವ ಕೈಗಳು ಮೊದಲೇ ಇರುತ್ತವೆ, ಹೊಂದುವ ಕೈಗೇ ವಸ್ತು ತಗಲುತ್ತದೆ ಎಂಬ ತಿರುಳು ಗಟ್ಟಿಯಾಗಿ ಉಳಿಯಿತು. ಈ ಕಾರ್ಯಕ್ಕಾಗಿ 1908ರಲ್ಲಿ ಅವರಿಗೂ ರಷ್ಯದ ಮೆಚ್ನಿಕಾಫ್ ಅವರಿಗೂ ನೊಬೆಲ್ ಪಾರಿತೋಷಕವನ್ನು ಹಂಚಿಕೊಡಲಾಯಿತು.

1899ರಿಂದ ಎರ್ಲಿಕ್ಕರ ಕಾರ್ಯಕ್ಷೇತ್ರ ಫ್ರಾಂಕ್‌ಫರ್ಟ್ ನಗರವಾಯಿತು. ಸರಕಾರ ಅಲ್ಲಿ ಅವರಿಗಾಗಿ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿಸಿತ್ತು. ಅವರ ಕೊಠಡಿಯಲ್ಲಿ ಕುರ್ಚಿಗಳ ಮೇಲೂ ಸೋಫಾದ ಮೇಲೂ ಪುಸ್ತಕಗಳ ರಾಶಿ. ಬಂದವರಿಗೆ ಕುಳ್ಳಿರಲು ಸ್ಥಳವಿರುತ್ತಿರಲಿಲ್ಲ. ಜೇಬಿನಲ್ಲಿ ಸದಾ ಬಣ್ಣದ ಪೆನ್ಸಿಲುಗಳು. ಮಾತಿನ ನಡುವೆ ಹೊಳೆದ ರಾಸಾಯನಿಕ ಸೂತ್ರವನ್ನು ಕಾಗದವಿಲ್ಲದಿದ್ದರೆ ಅಂಗಿಯ ತೋಳಿನ ಮೇಲೋ ನೆಲದ ಮೇಲೋ ಬರೆದು ತೋರಿಸುತ್ತಿದ್ದರು. ಸಹಾಯಕರಿಗೆ ದಿನದ ಕೆಲಸವನ್ನು ಬಣ್ಣದ ಚೀಟಿಗಳಲ್ಲಿ ಬರೆದು ಕೊಡುತ್ತಿದ್ದರು. ಮರೆಯಬಾರದ ಸಂಗತಿಯನ್ನು ಕಾರ್ಡಿನಲ್ಲಿ ಬರೆದು ತಮ್ಮ ವಿಳಾಸಕ್ಕೇ ಅಂಚೆಯಲ್ಲಿ ಕಳುಹಿಸಿಕೊಳ್ಳುತ್ತಿದ್ದರಂತೆ. ಊಟವನ್ನು ಮರೆತರೂ ಚುಟ್ಟಾ ಸೇದುವುದನ್ನು ಮರೆಯುತ್ತಿರಲಿಲ್ಲ; ಈ ದುಶ್ಚಟ ಅವರ ಆರೋಗ್ಯಕ್ಕೆ ಹಿತವಾಗಿರಲಿಲ್ಲ.

ಈಗ ಅವರ ಮುಂದೆ ನಿಂತದ್ದು ಯೌವನದ ಕನಸು. ಒಂದು ಬಣ್ಣ ರೋಗಾಣುವನ್ನು ಮಾತ್ರ ಆರಿಸಿಕೊಂಡು ಅಂಟಬಲ್ಲುದಾದರೆ, ರೋಗಾಣುವನ್ನು ಮಾತ್ರ ಆರಿಸಿಕೊಂಡು ಕೊಲ್ಲುವ ವಿಷವೂ ಏಕಿರಬಾರದು? ಜರ್ಮನರ ಜನಪದ ಕಥೆಗಳಲ್ಲಿ ಗುರಿ ತಪ್ಪದ ಮಂತ್ರದ ಗುಂಡು ಬರುತ್ತದೆ, ನಮ್ಮಲ್ಲಿ ರಾಮಬಾಣವೆನ್ನುತ್ತೇವೆ. ಅಂಥ ಔಷಧವೇ ಎರ್ಲಿಕ್ಕರ ಗುರಿ. 1891ರಲ್ಲಿಯೇ ಅವರು ಮೆಥಿಲೀನ್ ನೀಲಿಯನ್ನು ಇಬ್ಬರು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ್ದರು. 1904ರಲ್ಲಿ ಜಪಾನಿನ ಷಿಗಾ ಅವರ ಜೊತೆಗೂಡಿ ಟ್ರಿಪ್ಯಾನ್ ಕೆಂಪು ಎಂಬ ಬಣ್ಣದಿಂದ, ನಿದ್ರಾರೋಗವನ್ನು ತರುವ ಸೂಕ್ಷ್ಮಜೀವಿಗಳ ಜಾತಿಯ ಸೋಂಕು ತಗಲಿದ್ದ ಇಲಿಗಳನ್ನು ಗುಣಪಡಿಸಿದರು. 1906ರಲ್ಲಿ ಫ್ರಾನ್ಸಿಸ್ಕಾ ಸ್ಪೈಯರ್ ಎಂಬ ಮಹಿಳೆ ತೀರಿಹೋದ ತಮ್ಮ ಪತಿಯ ಹೆಸರಿನಲ್ಲಿ ಕೊಟ್ಟ ಧನದಿಂದ ಹೊಸ ಪ್ರಯೋಗಮಂದಿರವೊಂದು ಎದ್ದಿತು. ಅಲ್ಲಿ ಬೆರ್ಟೈಮ್ ಎಂಬ ರಸಾಯನಜ್ಞರು ಆರ್ಸೆನಿಕ್ ಪಾಷಾಣದಿಂದ ನೂರಾರು ಹೊಸ ಸಂಯುಕ್ತಗಳನ್ನು ತಯಾರಿಸಿದರು. ಒಂದೊಂದಕ್ಕೂ ಒಂದು ಸಂಖ್ಯೆ.

ಆಗ ಔಷಧಕ್ಕಾಗಿ ಕಾದಿದ್ದ ರೋಗ ಸಿಫಿಲಿಸ್. ಒಬ್ಬರಿಂದೊಬ್ಬರಿಗೆ ಹರಡುತ್ತಿದ್ದ ಆ ರೋಗ ತಾಯಿಯಿಂದ ಹಸುಗೂಸಿಗೂ ಬರುತ್ತಿತ್ತು. ವರ್ಷಗಳು ಕಳೆದಂತೆ ನರಗಳನ್ನೂ ಬುದ್ಧಿಯನ್ನೂ ನುಂಗುತ್ತಿತ್ತು. ಇದ್ದ ಔಷಧ ಪಾದರಸ. ಅದೂ ಒಂದು ವಿಷವೇ. 1909ರಲ್ಲಿ ಜಪಾನಿನಿಂದ ಬಂದ ಸಹಾಚಿರೊ ಹಾಟಾ ಅವರಿಗೆ ಎರ್ಲಿಕ್ಕರು ಹಳೆಯ ಸಂಯುಕ್ತಗಳನ್ನು ಮತ್ತೊಮ್ಮೆ ಪರೀಕ್ಷಿಸುವ ಕೆಲಸವನ್ನು ವಹಿಸಿದರು. 606ನೆಯ ಸಂಖ್ಯೆಯದನ್ನು ಮೊದಲು ನೋಡಿದ ಸಹಾಯಕರೊಬ್ಬರು ನಿಷ್ಪ್ರಯೋಜಕವೆಂದು ಬದಿಗಿಟ್ಟಿದ್ದರು. ತಾಳ್ಮೆಗೆ ಹೆಸರಾದ ಹಾಟಾ ಅದನ್ನು ರೋಗ ತಗಲಿದ ಮೊಲಗಳಿಗೆ ಕೊಟ್ಟಾಗ ರೋಗಾಣುಗಳು ಮಾಯವಾದವು, ಮೊಲಗಳು ಬದುಕಿದವು. ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆದ ಬಳಿಕ, 1910ರ ಏಪ್ರಿಲಿನಲ್ಲಿ ವೀಸ್‌ಬಾಡೆನ್ ನಗರದ ವೈದ್ಯ ಸಮ್ಮೇಳನದಲ್ಲಿ ಈ ಸುದ್ದಿ ಪ್ರಕಟವಾಯಿತು. ಎಲ್ಲ ದೇಶಗಳಿಂದಲೂ ಬೇಡಿಕೆ ಹರಿದುಬಂತು. ಔಷಧ ಮಾರಾಟಕ್ಕೆ ಬರುವ ಮೊದಲು ಎರ್ಲಿಕ್ಕರು ಸುಮಾರು 65,000 ಪ್ರಮಾಣಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ, ಪರಿಣಾಮವನ್ನು ತಮಗೆ ತಿಳಿಸುವಂತೆ ಕೇಳಿಕೊಂಡರು. ವರ್ಷದ ಕೊನೆಯಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಅಂಗಡಿಗಳಿಗೆ ಬಂದಿತು.

ಆದರೆ ಈ ಬಾಣ ಪೂರ್ಣವಾಗಿ ಗುರಿ ತಪ್ಪದ್ದಾಗಿರಲಿಲ್ಲ. ಆ ಹಳದಿ ಪುಡಿ ಗಾಳಿ ತಾಗಿದರೆ ಬೇಗನೆ ಕೆಡುತ್ತಿತ್ತು. ಬಹು ಎಚ್ಚರಿಕೆಯಿಂದ ಕರಗಿಸಿ ರಕ್ತನಾಳಕ್ಕೆ ಚುಚ್ಚಬೇಕಾಗಿತ್ತು. ಕೆಲವೆಡೆ ಈ ಎಚ್ಚರ ತಪ್ಪಿತು. ಎಚ್ಚರ ತಪ್ಪದ ಕಡೆಯೂ ಕೆಲವು ರೋಗಿಗಳಿಗೆ ಪಾಷಾಣದ ವಿಷ ತಟ್ಟಿತು, ಸಾವುಗಳೂ ಸಂಭವಿಸಿದವು. ಸಾವಿರಾರು ಜನ ಗುಣ ಹೊಂದಿದ ವಾರ್ತೆಯ ಜೊತೆಗೆ ಈ ವಾರ್ತೆಗಳೂ ಫ್ರಾಂಕ್‌ಫರ್ಟಿಗೆ ಬಂದವು. ಎರ್ಲಿಕ್ಕರು ಅವನ್ನು ಮುಚ್ಚಿಡಲಿಲ್ಲ. ಒಂದೊಂದನ್ನೂ ವಿಚಾರಿಸಿ, ಕಾರಣ ಹುಡುಕಿದರು. 1912ರಲ್ಲಿ ಬಳಸಲು ಸುಲಭವಾದ 914ನೆಯ ಸಂಯುಕ್ತವನ್ನು ಹೊರತಂದರು. ಆದರೂ ಪತ್ರಿಕೆಗಳಲ್ಲಿ ದೂಷಣೆ ನಡೆಯಿತು. ಅವರ ಯಹೂದಿ ಹುಟ್ಟನ್ನು ಹೀಯಾಳಿಸಿದವರೂ ಇದ್ದರು. ಜರ್ಮನಿಯ ಸಂಸತ್ತಿನಲ್ಲಿಯೂ ಚರ್ಚೆಯಾಯಿತು. 1914ರಲ್ಲಿ ನ್ಯಾಯಾಲಯವೊಂದು ಆಪಾದನೆ ಹೊರಿಸಿದವನಿಗೆ ಶಿಕ್ಷೆ ವಿಧಿಸಿತು. ಅಷ್ಟರಲ್ಲಿ ಎರ್ಲಿಕ್ಕರ ದೇಹ ಕುಗ್ಗಿತ್ತು. ವಿಶ್ವವಿದ್ಯಾನಿಲಯದ ಪೂರ್ಣ ಪ್ರಾಧ್ಯಾಪಕ ಸ್ಥಾನ ದೊರೆತದ್ದು ಅದೇ ವರ್ಷ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ. ಆಗಲೇ ಮಹಾಯುದ್ಧವೂ ಆರಂಭವಾಯಿತು. 1915ರ ಆಗಸ್ಟ್ 20ರಂದು ಬಾಡ್ ಹೊಂಬುರ್ಗ್ ಎಂಬಲ್ಲಿ ಅವರು ಕಣ್ಮುಚ್ಚಿದರು. ಫ್ರಾಂಕ್‌ಫರ್ಟಿನ ಯಹೂದಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ನಾಜಿಗಳ ಆಳ್ವಿಕೆಯಲ್ಲಿ ಅವರ ಹೆಸರಿನ ಬೀದಿಯ ಹೆಸರನ್ನು ಕಿತ್ತುಹಾಕಲಾಯಿತು. ಯುದ್ಧ ಮುಗಿದ ಮೇಲೆ ಆ ಹೆಸರು ಮರಳಿ ಬಂದಿತು.

ಎರ್ಲಿಕ್ಕರು ಬಾಳಿನ ಮೊದಲ ಭಾಗವನ್ನು ಬಣ್ಣಗಳಿಗೂ ನಡುಭಾಗವನ್ನು ಪ್ರತಿಕಾಯಗಳಿಗೂ ಮೀಸಲಿಟ್ಟರು. ಎರಡು ಎಳೆಗಳೂ ಅವರ ಕೈಯಲ್ಲಿದ್ದವು. ಆದರೆ ಅವನ್ನು ಒಂದಕ್ಕೊಂದು ಗಂಟು ಹಾಕುವ ಕೆಲಸ ಉಳಿದಿತ್ತು. ಬಣ್ಣ ಒಂದು ಬಗೆಯ ವಸ್ತುಗಳನ್ನು ಆರಿಸಬಲ್ಲುದೇ ಹೊರತು, ಸಾವಿರಾರು ಪ್ರೋಟೀನುಗಳ ನಡುವೆ ಒಂದನ್ನೇ ಆರಿಸಲಾರದು. ಪ್ರತಿಕಾಯ ಆರಿಸಬಲ್ಲುದು, ಆದರೆ ಕಣ್ಣಿಗೆ ಕಾಣದು. ಎರ್ಲಿಕ್ಕರು ತೀರಿಕೊಂಡ 26 ವರ್ಷಗಳ ಮೇಲೆ, 1941ರಲ್ಲಿ, ಅಮೆರಿಕದ ಆಲ್ಬರ್ಟ್ ಕೂನ್ಸ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿಗಳೊಡನೆ ಹೊಳೆಯುವ ಬಣ್ಣವನ್ನು ಪ್ರತಿಕಾಯಕ್ಕೇ ಕಟ್ಟಿದರು. ಪ್ರತಿಕಾಯ ತನ್ನ ಗುರಿಯನ್ನು ಹುಡುಕಿ ಹಿಡಿಯಿತು. ಬಣ್ಣ ಆ ಸ್ಥಳವನ್ನು ಬೆಳಗಿ ತೋರಿಸಿತು. ಮುಂದೆ 1960ರ ದಶಕದಲ್ಲಿ ಪ್ರತಿಕಾಯಕ್ಕೆ ಕಿಣ್ವವನ್ನು ಕಟ್ಟಿ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಕಾಣುವ ಕಂದು ಬಣ್ಣವನ್ನು ಮೂಡಿಸುವ ವಿಧಾನವೂ ಬಂದಿತು.

ಈ ವಿಧಾನದ ಬೃಹತ್ ಫಲವನ್ನು ಇಂದು ಸ್ವೀಡನ್ ದೇಶದಲ್ಲಿ ಕಾಣಬಹುದು. 2003ರಲ್ಲಿ ಅಲ್ಲಿನ ವಿಜ್ಞಾನಿಗಳು ಮಾನವ ಪ್ರೋಟೀನುಗಳ ಭೂಪಟವನ್ನು ರಚಿಸಲು ತೊಡಗಿದರು. ಮನುಷ್ಯನಲ್ಲಿ ಪ್ರೋಟೀನುಗಳನ್ನು ತಯಾರಿಸುವ ಸುಮಾರು 20,000 ವಂಶವಾಹಿಗಳಿವೆ. ಅವುಗಳ ಪ್ರೋಟೀನು ದೇಹದಲ್ಲಿ ಎಲ್ಲೆಲ್ಲಿದೆ ಎಂದು ತಿಳಿಯಲು, ಮಿದುಳು, ಹೃದಯ, ಯಕೃತ್ತು, ಮೂತ್ರಪಿಂಡ ಮೊದಲಾದ ಅಂಗಾಂಶಗಳ ತೆಳು ಬಿಲ್ಲೆಗಳಿಗೆ ಪ್ರತಿಕಾಯಗಳಿಂದ ಬಣ್ಣ ಹಾಕಿ ಚಿತ್ರ ತೆಗೆದರು. ಬಣ್ಣ ಗಾಢವೋ ಮಸುಕೋ ಇಲ್ಲವೇ ಇಲ್ಲವೋ ಎಂದು ರೋಗಶಾಸ್ತ್ರಜ್ಞರು ಕಣ್ಣಿಟ್ಟು ನೋಡಿ ದಾಖಲಿಸಿದರು. ಮುಂಬಯಿಯ ತಜ್ಞರೂ ಈ ಕಾರ್ಯದಲ್ಲಿ ಪಾಲ್ಗೊಂಡರು. ಲಕ್ಷಾಂತರ ಚಿತ್ರಗಳ ಈ ಭಂಡಾರವನ್ನು ಯಾರು ಬೇಕಾದರೂ ಗಣಕಯಂತ್ರದಲ್ಲಿ ಉಚಿತವಾಗಿ ತೆರೆದು ನೋಡಬಹುದು. ಇನ್ಸುಲಿನ್ನಿನ ಹೆಸರನ್ನು ಹುಡುಕಿದರೆ, ಮೇದೋಜೀರಕ ಗ್ರಂಥಿಯ ಚಿತ್ರದಲ್ಲಿ ಸಣ್ಣ ದ್ವೀಪಗಳಂಥ ಕೋಶಗಳ ಗುಂಪುಗಳು ಮಾತ್ರ ಕಂದಾಗಿರುತ್ತವೆ. ಸುತ್ತಲಿನ ಕೋಶಗಳು ಹಾಗೆ ಕಾಣುವುದಿಲ್ಲ. ಆದರೆ ಚಿತ್ರವನ್ನು ಕಂಡೊಡನೆ ನಂಬಿಬಿಡುವಂತಿಲ್ಲ. ಪ್ರತಿಕಾಯವೂ ಕೆಲವು ಸಲ ತನ್ನ ಗುರಿಯನ್ನು ಹೋಲುವ ಬೇರೊಂದನ್ನು ಹಿಡಿಯುತ್ತದೆ. ಆದುದರಿಂದ ಒಂದೇ ಪ್ರೋಟೀನಿಗೆ ಎರಡು ಪ್ರತಿಕಾಯಗಳನ್ನು ಹೋಲಿಸಿಯೂ ಬೇರೆ ಪರೀಕ್ಷೆಗಳೊಡನೆ ತಾಳೆ ನೋಡಿಯೂ, ಪ್ರತಿ ಫಲಿತಾಂಶ ಎಷ್ಟರಮಟ್ಟಿಗೆ ನಂಬತಕ್ಕುದೆಂದು ಭಂಡಾರದಲ್ಲಿಯೇ ಸೂಚಿಸಿರುತ್ತಾರೆ.

ಇಂಥ ಭೂಪಟ ಕೇವಲ ಕುತೂಹಲಕ್ಕಾಗಿ ಅಲ್ಲ. ಗಡ್ಡೆಯಲ್ಲಿರುವ ಒಂದು ಪ್ರೋಟೀನನ್ನು ಗುರಿಯಾಗಿಟ್ಟು ಔಷಧ ತಯಾರಿಸುವವರು, ಅದೇ ಪ್ರೋಟೀನು ಹೃದಯದಲ್ಲಿಯೋ ಮೂತ್ರಪಿಂಡದಲ್ಲಿಯೋ ಇದೆಯೇ ಎಂದು ಮೊದಲೇ ನೋಡಬೇಕಾಗುತ್ತದೆ. ಇದ್ದರೆ ಔಷಧ ಅಲ್ಲಿಯೂ ತಗಲಿ ಹಾನಿ ಮಾಡೀತು. ಸ್ತನದ ಕ್ಯಾನ್ಸರಿನಲ್ಲಿ ಹರ್-2 ಎಂಬ ಪ್ರೋಟೀನು ಅತಿಯಾಗಿದೆಯೇ ಎಂದು ಗಡ್ಡೆಯ ಚೂರಿಗೆ ಬಣ್ಣ ಹಾಕಿ ನೋಡಿ, ಅದಕ್ಕೆ ತಕ್ಕ ಔಷಧವನ್ನು ಕೊಡುವುದು ಇಂದು ಆಸ್ಪತ್ರೆಗಳಲ್ಲಿ ರೂಢಿಯಾಗಿದೆ. ಆ ಔಷಧವೂ ಒಂದು ಪ್ರತಿಕಾಯವೇ.

ಸಾಲ್ವರ್ಸಾನ್ ಇಂದು ಬಳಕೆಯಲ್ಲಿಲ್ಲ. ಪೆನಿಸಿಲಿನ್ ಬಂದ ಮೇಲೆ ಅದು ಹಿಂದೆ ಸರಿಯಿತು. ಎರ್ಲಿಕ್ಕರ ಕೆಲವು ಸಿದ್ಧಾಂತಗಳೂ ತಿದ್ದುಪಡಿ ಹೊಂದಿವೆ. ಅವರು ಕೇಳಿದ ಪ್ರಶ್ನೆ ಮಾತ್ರ ಹಳೆಯದಾಗಿಲ್ಲ. ಯಾವ ವಸ್ತು ಎಲ್ಲಿ ನಿಲ್ಲುತ್ತದೆ, ಅಲ್ಲಿಯೇ ಏಕೆ ನಿಲ್ಲುತ್ತದೆ ಎಂದು ರೋಗಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಇಂದಿಗೂ ದಿನವೂ ಯಾರೋ ಒಬ್ಬರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡುತ್ತಿರುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರನೆಂದು ಹೇಳಿಸಿಕೊಂಡ ಆ ವಿದ್ಯಾರ್ಥಿಯ ಬೆರಳಿಗೆ ಅಂಟಿದ ಬಣ್ಣ ಇನ್ನೂ ಆರಿಲ್ಲ.